ಮುಚ್ಚಿಡಲಾಗದ ಮಗುವಿಗೆ ಯಾರ ಮಡಿಲು?

"ಇಸ್ಲಾಮಿನಲ್ಲಿ ದತ್ತು ಇಲ್ಲವಲ್ಲ!" ಮಕ್ಕಳಿಲ್ಲದ ದಂಪತಿಗಳ ವಿಷಯ ಬಂದಾಗಲೆಲ್ಲ ತುಮಕೂರಿನ ಮಸೀದಿಯಂಗಳದಲ್ಲಾಗಲಿ, ಗುಬ್ಬಿಯ ವಲೀಮಾ ಊಟದಲ್ಲಾಗಲಿ, ಕುಣಿಗಲ್ಲಿನ ಅಂಗಡಿಯ ಜಗುಲಿಯಲ್ಲಾಗಲಿ ನಾವು ಕೇಳುವ ಮಾತಿದು. ಈ ಒಂದು ವಾಕ್ಯದೊಡನೆ ಚರ್ಚೆ ಮುಗಿಯುತ್ತದೆ. ಹೇಳಿದವರಿಗೆ ಶರೀಅತ್ತಿನ ಆದೇಶವೊಂದನ್ನು ನೆನಪಿಸಿದ ಸಮಾಧಾನ, ಕೇಳಿದವರಿಗೆ ಒಂದು ಹೊಣೆಯಿಂದ ಪಾರಾದ ನಿರಾಳ. ಆದರೆ ಆ ವಾಕ್ಯದಾಚೆ ಒಂದು ಮಗು ನಿಂತಿದೆ. ಅದಕ್ಕೆ ಎರಡು ವರ್ಷ. ಅದರ ತುಟಿ ಸೀಳಿರಬಹುದು, ಹೃದಯದಲ್ಲಿ ರಂಧ್ರವಿರಬಹುದು, ಕಿವಿ ಕೇಳದಿರಬಹುದು, ಬುದ್ಧಿಯ ಬೆಳವಣಿಗೆ ನಿಧಾನವಿರಬಹುದು. ಆ ಮಗುವಿನ ಕುರಿತು ನಮ್ಮ ದೀನ್ ಏನು ಹೇಳುತ್ತದೆ ಎಂಬ ಪ್ರಶ್ನೆಯನ್ನು ನಾವು ಕೇಳಿಕೊಂಡೇ ಇಲ್ಲ.

ನಮ್ಮ ದೇಶದಲ್ಲಿ ದತ್ತು ವ್ಯವಸ್ಥೆಯ ಉಸ್ತುವಾರಿ 'ಕಾರಾ' ಎಂದು ಕರೆಯಲಾಗುವ ಕೇಂದ್ರೀಯ ದತ್ತು ಸಂಪನ್ಮೂಲ ಪ್ರಾಧಿಕಾರದ್ದು. ಅನಾಥ ಅಥವಾ ಪರಿತ್ಯಕ್ತ ಮಗುವನ್ನು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯು ವಿಚಾರಣೆಯ ನಂತರ ದತ್ತು ನೀಡಲು ಮುಕ್ತವೆಂದು ಘೋಷಿಸುತ್ತದೆ. ಮೊದಲ ಅವಕಾಶ ದೇಶದೊಳಗಿನ ಕುಟುಂಬಗಳಿಗೆ. ಇಲ್ಲಿ ಯಾರೂ ಒಪ್ಪದಿದ್ದಾಗ ಮಗುವಿನ ಕಡತ ಹೊರದೇಶಗಳತ್ತ ಸಾಗುತ್ತದೆ. ಅಂತರ್ದೇಶೀಯ ದತ್ತು ಕುರಿತ 1993ರ ಹೇಗ್ ಒಪ್ಪಂದವನ್ನು ಭಾರತವು 2003ರಲ್ಲಿ ಅನುಮೋದಿಸಿತು. ಆ ಚೌಕಟ್ಟಿನಲ್ಲಿ ಅಮೆರಿಕ, ಇಟಲಿ, ಸ್ಪೇನ್ ಮೊದಲಾದ ದೇಶಗಳ ಕುಟುಂಬಗಳು ನಮ್ಮ ಮಕ್ಕಳನ್ನು ಕರೆದೊಯ್ಯುತ್ತಿವೆ. ಹಾಗೆ ಹೋಗುವವರಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳು ಮತ್ತು ವಯಸ್ಸು ಮೀರಿದ ಮಕ್ಕಳೇ ಹೆಚ್ಚು. ಇಲ್ಲಿನವರು ಬಯಸುವುದು ಆರೋಗ್ಯವಂತ ಹಸುಗೂಸನ್ನು. ಉಳಿದವರಿಗೆ ವಿಮಾನವೇ ಗತಿ.

ಆ ಪ್ರಯಾಣ ಮಗುವಿಗೆ ಎಂಥದ್ದೆಂದು ಯೋಚಿಸೋಣ. ಎರಡು ವರ್ಷದ ಕಂದನಿಗೆ ದೇಶವೆಂದರೇನೆಂದು ತಿಳಿಯದು. ಅದಕ್ಕೆ ತಿಳಿದಿರುವುದು ಆಯಾಳ ಧ್ವನಿ, ರಾಗಿ ಸರಿಯ ರುಚಿ, ಪಕ್ಕದ ತೊಟ್ಟಿಲಿನ ಮಗುವಿನ ಅಳು, ತನ್ನ ಹೊದಿಕೆಯ ವಾಸನೆ. ಒಂದೇ ದಿನದಲ್ಲಿ ಇವೆಲ್ಲವೂ ಇಲ್ಲವಾಗುತ್ತವೆ. ಹೊಸ ತಂದೆತಾಯಿಗೆ ಅದು ಸಂತೋಷದ ದಿನ, ಮಗುವಿಗೆ ವಿಯೋಗದ ದಿನ. ಬಲ್ಲ ದಂಪತಿಗಳು ಹೊರಡುವ ಮೊದಲೇ 'ಬಾ', 'ಹಾಲು', 'ನೀರು', 'ನೋವಾ?' ಎಂಬ ನಾಲ್ಕು ಕನ್ನಡ ಪದಗಳನ್ನಾದರೂ ಕಲಿತಿರುತ್ತಾರೆ. ಮಗುವಿನ ಹಳೆಯ ಹೊದಿಕೆಯನ್ನು ಒಗೆಯದೆ ಜೊತೆಗೆ ಒಯ್ಯುತ್ತಾರೆ. ಮಲಗುವ ಹೊತ್ತು, ಉಣ್ಣುವ ಹೊತ್ತು, ತಟ್ಟಿ ಮಲಗಿಸುವ ಬಗೆ ಇವುಗಳನ್ನು ಆಯಾಳಿಂದ ಕೇಳಿ ಬರೆದುಕೊಳ್ಳುತ್ತಾರೆ.

ಮನೆ ಸೇರಿದ ಮೇಲೂ ಹಾದಿ ಸುಗಮವಲ್ಲ. ಮಗು ರೊಟ್ಟಿಯ ಚೂರನ್ನು ದಿಂಬಿನಡಿ ಬಚ್ಚಿಡುತ್ತದೆ. ನಾಳೆಯೂ ಊಟ ಸಿಗುವುದೆಂಬ ನಂಬಿಕೆ ಅದಕ್ಕಿನ್ನೂ ಬಂದಿರುವುದಿಲ್ಲ. ಗದರಿದರೆ ಆ ಭಯ ಬಲಿಯುತ್ತದೆ. ಕಂಡ ಕಂಡವರ ತೋಳಿಗೆ ಜಿಗಿಯುತ್ತದೆ. 'ಎಷ್ಟು ಸಲಿಗೆಯ ಮಗು!' ಎಂದು ನೋಡುವವರು ಮೆಚ್ಚುತ್ತಾರೆ. ವಾಸ್ತವದಲ್ಲಿ ಯಾರು ತನ್ನವರೆಂಬುದೇ ಅದಕ್ಕೆ ತಿಳಿದಿರುವುದಿಲ್ಲ. ಆದ್ದರಿಂದಲೇ ಮೊದಲ ಕೆಲವು ತಿಂಗಳು ಉಣಿಸುವುದು, ಎತ್ತಿಕೊಳ್ಳುವುದು, ಅತ್ತಾಗ ಸಂತೈಸುವುದು ತಂದೆತಾಯಿಯೇ ಆಗಿರಬೇಕೆಂದು ಬಲ್ಲವರು ಹೇಳುತ್ತಾರೆ. ಹೊಸ ಮಗು ಬಂದ ದಿನವೇ ಐವತ್ತು ಬಂಧುಗಳ ಕೈಯಿಂದ ಕೈಗೆ ದಾಟಿಸುವ ನಮ್ಮ ಮನೆಗಳಿಗೂ ಇದು ಅಗತ್ಯವಾದ ಪಾಠ. ಮಾತು ಬಾರದಿರುವುದು ಕಿವಿಯ ದೋಷದಿಂದಲೋ, ಮಾತನಾಡಿಸುವವರಿಲ್ಲದೆ ಬೆಳೆದುದರಿಂದಲೋ ಎಂಬುದು ಮೊದಲ ದಿನವೇ ತಿಳಿಯದು. ಪರೀಕ್ಷೆಯೂ ಬೇಕು, ಸಹನೆಯೂ ಬೇಕು. ಕಾನೂನು ಕೂಡ ಈ ಹಾದಿಯ ಮೇಲೆ ಕಣ್ಣಿಟ್ಟಿರುತ್ತದೆ. ವಿದೇಶಕ್ಕೆ ಹೋದ ಮಗುವಿನ ಸ್ಥಿತಿಗತಿಯ ವರದಿಯು ಮೊದಲ ವರ್ಷ ಮೂರು ತಿಂಗಳಿಗೊಮ್ಮೆ, ಎರಡನೆಯ ವರ್ಷ ಆರು ತಿಂಗಳಿಗೊಮ್ಮೆ ಬರಬೇಕು.

ಹಾಗಾದರೆ ದೂರದೇಶದ ದಂಪತಿಗೆ ಸಾಧ್ಯವಾದುದು ನಮಗೇಕೆ ಸಾಧ್ಯವಾಗುತ್ತಿಲ್ಲ? ಹಣ, ಆಸ್ಪತ್ರೆ, ಸವಲತ್ತು ಎಂಬ ಉತ್ತರಗಳಲ್ಲಿ ಸತ್ಯವಿದೆ. ಆದರೆ ಅವು ಪೂರ್ಣ ಸತ್ಯವಲ್ಲ. ಬಿಳಿಯ ದಂಪತಿಯ ತೋಳಿನಲ್ಲಿ ಕಂದುಬಣ್ಣದ ಮಗುವಿದ್ದರೆ ಅದು ಅವರು ಹೆತ್ತ ಮಗುವಲ್ಲವೆಂಬುದು ಇಡೀ ಬೀದಿಗೆ ಕಾಣುತ್ತದೆ. ಮುಚ್ಚಿಡಲು ಅವರಿಗೆ ಏನೂ ಉಳಿದಿಲ್ಲ. ಮುಚ್ಚಿಡುವುದೇ ಬೇಡವೆಂದಾದ ಮೇಲೆ ಹಸುಗೂಸೇ ಬೇಕೆಂಬ, ಬಣ್ಣ ಹೊಂದಬೇಕೆಂಬ ಹಟವೂ ಉಳಿಯುವುದಿಲ್ಲ. ಇಲ್ಲಿಯಾದರೋ ಮಗುವನ್ನು 'ನಮ್ಮದೇ' ಎಂದು ತೋರಿಸಿಕೊಳ್ಳಬೇಕು. ಅದಕ್ಕಾಗಿ ಊರು ಬದಲಿಸುವವರೂ ಇದ್ದಾರೆ. ಆರೋಗ್ಯವಂತ ಹಸುಗೂಸಾದರೆ ಈ ನಾಟಕ ನಡೆಯುತ್ತದೆ. ನಡೆಯಲು ಕಲಿತ, ಕಾಲು ಎಳೆಯುವ, ತುಟಿ ಸೀಳಿದ ಎರಡು ವರ್ಷದ ಮಗುವನ್ನು ಯಾವ ನಾಟಕದಲ್ಲಿ ಮುಚ್ಚಿಡಲು ಸಾಧ್ಯ? ಮುಚ್ಚಿಡಲಾಗದ ಮಗುವನ್ನು ನಾವು ಬಿಟ್ಟುಬಿಡುತ್ತೇವೆ.

ಈ ಗುಟ್ಟಿನ ಹಂಬಲ ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ನಮ್ಮ ಜಿಲ್ಲೆಯೇ ಕಂಡಿದೆ. 2024ರ ಜೂನ್ ತಿಂಗಳಲ್ಲಿ, ಗುಬ್ಬಿಯಲ್ಲಿ ದಾಖಲಾದ ಹಸುಗೂಸಿನ ಅಪಹರಣ ಪ್ರಕರಣದ ಜಾಡು ಹಿಡಿದ ತುಮಕೂರು ಜಿಲ್ಲಾ ಪೊಲೀಸರು ಮಕ್ಕಳ ಮಾರಾಟದ ಜಾಲವೊಂದನ್ನು ಬಯಲಿಗೆಳೆದರು. ಕೊಳ್ಳುವವರಿಲ್ಲದೆ ಮಾರುವವರು ಹುಟ್ಟುವುದಿಲ್ಲ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಮಗುವನ್ನು ಮಾರುವುದೂ ಕೊಳ್ಳುವುದೂ ಐದು ವರ್ಷಗಳವರೆಗಿನ ಕಠಿಣ ಸಜೆಗೆ ಗುರಿಯಾಗುವ ಅಪರಾಧ. ಇಸ್ಲಾಮಿನ ದೃಷ್ಟಿಯಲ್ಲಿ ಅದು ಅದಕ್ಕಿಂತಲೂ ಘೋರವಾದುದು. ಸ್ವತಂತ್ರ ಮನುಷ್ಯನನ್ನು ಮಾರಿ ಅದರ ಬೆಲೆಯನ್ನು ಉಂಡವನ ವಿರುದ್ಧ ಅಂತ್ಯದಿನದಂದು ಅಲ್ಲಾಹನೇ ವಾದಿಯಾಗಿ ನಿಲ್ಲುವನೆಂದು ಪ್ರವಾದಿ(ಸ)ರು ಎಚ್ಚರಿಸಿದ್ದಾರೆ.

ಈಗ ನಮ್ಮ ದೀನ್ ನಿಷೇಧಿಸಿದ್ದು ಏನನ್ನು ಎಂಬುದನ್ನು ಸರಿಯಾಗಿ ಅರಿಯೋಣ. ಹಝ್ರತ್ ಝೈದ್ ಬಿನ್ ಹಾರಿಸಾ(ರ) ಬಾಲ್ಯದಲ್ಲಿಯೇ ಅಪಹೃತರಾಗಿ, ಗುಲಾಮರಾಗಿ ಮಾರಲ್ಪಟ್ಟು, ತಮ್ಮ ಬುಡಕಟ್ಟಿನಿಂದ ಬಹುದೂರದ ಮಕ್ಕಾ ಸೇರಿದವರು. ಹುಡುಕಿಕೊಂಡು ಬಂದ ಹೆತ್ತ ತಂದೆಯೊಡನೆ ಹೋಗುವ ಅವಕಾಶವಿದ್ದಾಗಲೂ ಅವರು ಮುಹಮ್ಮದ್(ಸ)ರ ಬಳಿಯೇ ಉಳಿದರು. ಜನರು ಅವರನ್ನು 'ಝೈದ್ ಬಿನ್ ಮುಹಮ್ಮದ್' ಎಂದೇ ಕರೆಯುತ್ತಿದ್ದರು. ಸೂರಃ ಅಲ್ ಅಹ್‌ಝಾಬ್‌ನ 4 ಮತ್ತು 5ನೆಯ ವಚನಗಳು ಅವತೀರ್ಣಗೊಂಡಾಗ ಬದಲಾದುದು ಹೆಸರು ಮಾತ್ರ. ಸಾಕುಮಕ್ಕಳನ್ನು ಅವರ ಹೆತ್ತ ತಂದೆಯ ಹೆಸರಿನಿಂದಲೇ ಕರೆಯಬೇಕು, ತಂದೆ ಯಾರೆಂದು ತಿಳಿಯದಿದ್ದರೆ ಅವರು ನಿಮ್ಮ ಧರ್ಮಬಂಧುಗಳೂ ಆಪ್ತರೂ ಆಗಿದ್ದಾರೆ ಎಂಬುದು ಆ ವಚನಗಳ ತಾತ್ಪರ್ಯ. ಝೈದ್(ರ)ರ ಮೇಲಿನ ಪ್ರೀತಿಯಲ್ಲಿ ಎಳ್ಳಷ್ಟೂ ಕೊರತೆಯಾಗಲಿಲ್ಲ. ಅವರನ್ನು ಸೇನಾನಾಯಕರನ್ನಾಗಿ ಮಾಡಲಾಯಿತು. ಪವಿತ್ರ ಕುರ್‌ಆನ್‌ನಲ್ಲಿ ಹೆಸರಿನಿಂದ ಉಲ್ಲೇಖಗೊಂಡ ಏಕೈಕ ಸಹಾಬಿಯೂ ಅವರೇ.

ಅಂದರೆ ಅಲ್ಲಾಹನು ತಡೆದದ್ದು ವಂಶದ ವಿಷಯದಲ್ಲಿ ಹೇಳುವ ಸುಳ್ಳನ್ನು. ಮಡಿಲನ್ನು ಅವನು ತಡೆಯಲಿಲ್ಲ. ಅನಾಥನ ಹೊಣೆ ಹೊತ್ತವನು ಸ್ವರ್ಗದಲ್ಲಿ ತನ್ನೊಡನೆ ಎರಡು ಬೆರಳುಗಳಷ್ಟು ಸಮೀಪವಿರುವನೆಂದು ಪ್ರವಾದಿ(ಸ)ರು ಸನ್ನೆ ಮಾಡಿ ತೋರಿಸಿದುದು ಬುಖಾರಿಯಲ್ಲಿ ವರದಿಯಾಗಿದೆ. ಬೀದಿಯಲ್ಲಿ ಸಿಕ್ಕ ತಬ್ಬಲಿ ಕೂಸಿಗೆ ಫಿಕ್‌ಹ್ ಗ್ರಂಥಗಳಲ್ಲಿ 'ಲಕೀತ್' ಎಂಬ ಪ್ರತ್ಯೇಕ ಅಧ್ಯಾಯವೇ ಇದೆ. ಎತ್ತಿಕೊಳ್ಳದಿದ್ದರೆ ಪ್ರಾಣಕ್ಕೆ ಅಪಾಯವೆಂದಿದ್ದಾಗ ಎತ್ತಿಕೊಳ್ಳುವುದು ಕಡ್ಡಾಯವೆಂದು ವಿದ್ವಾಂಸರು ವಿಧಿಸಿದ್ದಾರೆ. ಅಂತಹ ಮಗುವೊಂದನ್ನು ತಂದವನಿಗೆ ಹಝ್ರತ್ ಉಮರ್(ರ)ರು ಸಾಕುವ ಹೊಣೆಯನ್ನು ಒಪ್ಪಿಸಿ, ಖರ್ಚನ್ನು ಸಾರ್ವಜನಿಕ ಬೊಕ್ಕಸದ ಮೇಲೆ ಹಾಕಿದರು. ಇದನ್ನೇ ನಾವು ಕಫಾಲತ್ ಎನ್ನುತ್ತೇವೆ.

ಇಲ್ಲಿ ಒಂದು ಸೋಜಿಗವನ್ನು ಗಮನಿಸಬೇಕು. ಮಗುವಿಗೆ ಅದರ ಮೂಲವನ್ನು ಎಳವೆಯಿಂದಲೇ, ಕತೆ ಹೇಳಿದಷ್ಟು ಸಹಜವಾಗಿ ತಿಳಿಸಬೇಕೆಂದು ಇಂದಿನ ದತ್ತು ತಜ್ಞರು ಒತ್ತಿ ಹೇಳುತ್ತಾರೆ. ಗುಟ್ಟು ಒಡೆದ ದಿನ ಮಗುವಿನ ಮನಸ್ಸೂ ಒಡೆಯುತ್ತದೆ ಎಂಬುದು ಅವರ ಅನುಭವ. ವಂಶದ ಸತ್ಯವನ್ನು ಬಚ್ಚಿಡಬೇಡಿ ಎಂಬ ಆದೇಶ ನಮ್ಮ ಬಳಿ ಹದಿನಾಲ್ಕು ಶತಮಾನಗಳಿಂದ ಇದೆ. ಗುಟ್ಟಿನ ಅಗತ್ಯವೇ ಇಲ್ಲದ ಸಮುದಾಯವೊಂದಿದ್ದರೆ ಅದು ನಮ್ಮದಾಗಬೇಕಿತ್ತು. ಮುಚ್ಚಿಡಲಾಗದ ಮಗುವಿಗೆ ಮೊದಲು ತೆರೆಯಬೇಕಾದ ಬಾಗಿಲು ನಮ್ಮದೇ ಆಗಬೇಕಿತ್ತು. ಆದರೆ ಯಾವ ಆದೇಶ ನಮ್ಮನ್ನು ಆ ಮಗುವಿನತ್ತ ಕರೆದೊಯ್ಯಬೇಕಿತ್ತೋ, ಅದನ್ನೇ ಬಾಗಿಲಿನ ಅಗುಳಿಯನ್ನಾಗಿ ಮಾಡಿಕೊಂಡಿದ್ದೇವೆ.

ಕಾನೂನಿನ ಹಾದಿಯೂ ಇದೆ. ಹಿಂದೆ ಮುಸ್ಲಿಮರಿಗೆ 1890ರ ಪೋಷಕರು ಮತ್ತು ಪಾಲ್ಯರ ಕಾಯ್ದೆಯಡಿ ನ್ಯಾಯಾಲಯದಿಂದ ಪೋಷಕರಾಗಿ ನೇಮಕಗೊಳ್ಳುವ ಅವಕಾಶವಷ್ಟೇ ಇತ್ತು. 2014ರ ಫೆಬ್ರವರಿ 19ರಂದು ಶಬ್ನಮ್ ಹಾಶ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಬಾಲನ್ಯಾಯ ಕಾಯ್ದೆಯಡಿ ಯಾವ ಧರ್ಮದವರೂ ದತ್ತು ಪಡೆಯಬಹುದೆಂದು ಸ್ಪಷ್ಟಪಡಿಸಿತು. ಜೊತೆಗೆ, ಇದು ಅವಕಾಶವೇ ಹೊರತು ಬಲವಂತವಲ್ಲ, ತಮ್ಮ ವೈಯಕ್ತಿಕ ಕಾನೂನಿನಂತೆ ನಡೆಯಬಯಸುವವರು ಹಾಗೆಯೇ ನಡೆಯಬಹುದು ಎಂದೂ ಹೇಳಿತು. ಮಗುವಿನ ವಂಶವನ್ನು ಬದಲಿಸದೆ ಸಾಕುವ ಪೋಷಕತ್ವಕ್ಕೂ ಇದೇ ಕಾಯ್ದೆಯಲ್ಲಿ ಸ್ಥಾನವಿದೆ. ಅದು ಕಫಾಲತ್‌ಗೆ ಬಹು ಸಮೀಪವಾದುದು. ದತ್ತು ಆದೇಶವು ಮಗುವನ್ನು ಕಾನೂನಿನ ಕಣ್ಣಿನಲ್ಲಿ ಸ್ವಂತ ಮಗುವನ್ನಾಗಿಸುವುದರಿಂದ, ಯಾವ ಹಾದಿ ತಮಗೆ ಹೊಂದುವುದೆಂದು ದಂಪತಿಗಳು ಆಲಿಮರೊಬ್ಬರನ್ನೂ ವಕೀಲರೊಬ್ಬರನ್ನೂ ಒಟ್ಟಿಗೆ ಕೇಳುವುದು ಲೇಸು. ಶರೀಅತ್ತಿನಂತೆ ಸಾಕುಮಗುವಿಗೆ ವಾರಸಿನ ಪಾಲಿಲ್ಲ. ಆದರೆ ಆಸ್ತಿಯ ಮೂರನೆಯ ಒಂದು ಭಾಗದವರೆಗೆ ವಸಿಯ್ಯತ್ ಬರೆಯಬಹುದು, ಬದುಕಿರುವಾಗಲೇ ಹಿಬಾ ಮಾಡಬಹುದು. ದುಡಿದು ತಿನ್ನಲಾಗದ ಮಗುವಿನ ವಿಷಯದಲ್ಲಿ ಇದನ್ನು ನಾಳೆಗೆ ಮುಂದೂಡಬಾರದು.

ಮಹ್ರಮ್ ಪ್ರಶ್ನೆಯನ್ನೂ ಹಲವರು ಎತ್ತುತ್ತಾರೆ. ಎಳೆಗೂಸಾದರೆ ಮನೆಯಾಕೆ ಅಥವಾ ಹತ್ತಿರದ ಬಂಧುವಿನ ಹಾಲುಣಿಸಿ ಸ್ತನ್ಯಸಂಬಂಧ ಏರ್ಪಡಿಸಬಹುದು. ಆ ವಯಸ್ಸು ಮೀರಿದ ಮಗುವಾದರೆ, ಪ್ರಾಯಕ್ಕೆ ಬಂದ ಮೇಲೆ ಪಾಲಿಸಬೇಕಾದ ಮರ್ಯಾದೆಗಳನ್ನು ಮುಫ್ತಿಗಳಿಂದ ಕೇಳಿ ತಿಳಿಯಬಹುದು. ಬುದ್ಧಿ ಬಲಿಯದವರ ಮೇಲೆ ಧರ್ಮದ ಹೊಣೆಗಳೇ ಇಲ್ಲವೆಂಬ ರಿಯಾಯಿತಿಯನ್ನೂ ಇಸ್ಲಾಮ್ ನೀಡಿದೆ. ಹತ್ತು ವರ್ಷದ ನಂತರ ಎದುರಾಗುವ ಪ್ರಶ್ನೆಗೆ ಹೆದರಿ ಇಂದು ಅಳುತ್ತಿರುವ ಮಗುವಿಗೆ ಬೆನ್ನು ತಿರುಗಿಸುವುದು ನ್ಯಾಯವಲ್ಲ.

ವಿಶೇಷ ಅಗತ್ಯದ ಮಗು 'ಯಾರದೋ ಪಾಪದ ಫಲ' ಎಂಬ ಮಾತು ನಮ್ಮ ಮನೆಗಳಲ್ಲಿಯೂ ಕೇಳಿಬರುತ್ತದೆ. ಅದು ಇಸ್ಲಾಮಿನ ಮಾತಲ್ಲ. ದೃಷ್ಟಿಯಿಲ್ಲದ ಅಬ್ದುಲ್ಲಾ ಬಿನ್ ಉಮ್ಮಿ ಮಕ್ತೂಮ್(ರ)ರ ನಿಮಿತ್ತವಾಗಿ ಸೂರಃ ಅಬಸದ ಆರಂಭದ ವಚನಗಳು ಅವತೀರ್ಣಗೊಂಡವು. ಅವರು ಪ್ರವಾದಿ(ಸ)ರ ಮುಅಝ್ಝಿನ್ ಆಗಿದ್ದರು. ಪ್ರವಾದಿ(ಸ)ರು ಪ್ರಯಾಣ ಹೊರಟಾಗ ಮದೀನಾದ ಹೊಣೆಯನ್ನು ಅವರಿಗೆ ಒಪ್ಪಿಸಿದ್ದೂ ಉಂಟು. ಅಂಧರಿಗೆ ಕೈಹಿಡಿದು ನಡೆಸುವವರನ್ನೂ, ನಡೆಯಲಾಗದವರಿಗೆ ಸೇವಕರನ್ನೂ ಉಮಯ್ಯಾ ಖಲೀಫ ವಲೀದ್ ಬಿನ್ ಅಬ್ದುಲ್ ಮಲಿಕ್ ನೇಮಿಸಿದುದನ್ನು ಇತಿಹಾಸಕಾರರು ದಾಖಲಿಸಿದ್ದಾರೆ.

ಇಂದಿನ ಸರಕಾರಿ ಸೌಲಭ್ಯಗಳೂ ಕಡಿಮೆಯಿಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆ ಅಂಗನವಾಡಿ ಮತ್ತು ಶಾಲೆಗಳಲ್ಲಿಯೇ ನಡೆಯುತ್ತದೆ. ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಕಿವಿ, ಮಾತು, ನಡಿಗೆ ಯಾವುದರ ತೊಂದರೆಯಾದರೂ ಮೊದಲ ಮೂರು ವರ್ಷಗಳ ಚಿಕಿತ್ಸೆಗೆ ನಂತರದ ಹತ್ತು ವರ್ಷಗಳ ಚಿಕಿತ್ಸೆ ಸಮವಾಗದು. ಹೆತ್ತ ಮಗುವಾದರೂ ಸಾಕಿದ ಮಗುವಾದರೂ 'ದೊಡ್ಡವನಾದರೆ ಸರಿಹೋಗುತ್ತಾನೆ' ಎಂದು ಕಾಯಬಾರದು.

ಇದು ಎಲ್ಲರೂ ಹೊರಬಹುದಾದ ಹೊಣೆಯಲ್ಲವೆಂಬುದನ್ನು ನಾವು ಬಲ್ಲೆವು. ಪುಣ್ಯದ ಆವೇಶದಲ್ಲಿ ಮಗುವನ್ನು ತಂದು ಆರು ತಿಂಗಳಲ್ಲಿ ಹಿಂದಿರುಗಿಸುವುದು ಅದನ್ನು ಎರಡನೆಯ ಬಾರಿ ತಬ್ಬಲಿ ಮಾಡಿದಂತೆ. ಹೊರಲಾಗದವರು ಹೊತ್ತವರಿಗೆ ಹೆಗಲು ಕೊಡಲಿ. ಜಮಾಅತ್ ಆ ತಾಯಿಯ ಆಸ್ಪತ್ರೆಯ ಓಡಾಟದ ಖರ್ಚನ್ನು ನೋಡಿಕೊಳ್ಳಲಿ. ನೆರೆಮನೆಯಾಕೆ ವಾರಕ್ಕೊಮ್ಮೆ ಅಡುಗೆ ಮಾಡಿ ಕಳಿಸಲಿ. ಮದ್ರಸಾದಲ್ಲಿ ಕಲಿಸುವ ನಾವು ಮಾತು ಬಾರದ ಮಗುವಿಗೂ ಮುಂದಿನ ಸಾಲಿನಲ್ಲಿ ಜಾಗ ಕೊಡೋಣ. ಅದು ಅಲಿಫ್ ಅಕ್ಷರವನ್ನು ಬೆರಳಿನಿಂದ ಮುಟ್ಟಿ ತೋರಿಸಿದರೆ ಅದೇ ಅದರ ಪಾಠ. ಖತೀಬರು ಒಂದು ಜುಮಾದಲ್ಲಾದರೂ ಲಕೀತ್ ಅಧ್ಯಾಯವನ್ನು ಜನರ ಮುಂದೆ ಬಿಚ್ಚಿಡಲಿ. ಮದುವೆ ಮನೆಯಲ್ಲಿ 'ಇದು ನಿಮ್ಮದೇ ಮಗುವಾ?' ಎಂದು ಕೇಳುವ ನಾಲಿಗೆಗಳು ಸುಮ್ಮನಾಗಲಿ.

ನಮ್ಮ ಮಣ್ಣಿನ ಮಗು ಪರದೇಶದಲ್ಲಿ ಭಾಷೆ, ಧರ್ಮ, ಬೇರು ಕಳೆದುಕೊಳ್ಳುತ್ತದೆಂದು ದೂರುವವರಿದ್ದಾರೆ. ಆ ದೂರಿಗೆ ಅರ್ಹತೆ ಬರುವುದು ನಾವು ಕೈಚಾಚಿದ ಮೇಲೆ. ಇನ್ನು ಮುಂದೆ ಯಾರಾದರೂ "ಇಸ್ಲಾಮಿನಲ್ಲಿ ದತ್ತು ಇಲ್ಲ" ಎಂದರೆ ಅಲ್ಲಿಗೇ ನಿಲ್ಲಿಸದೆ, ಸುಳ್ಳು ಇಲ್ಲ, ಮಡಿಲು ಇದೆ ಎಂದು ಮಾತನ್ನು ಪೂರ್ಣಗೊಳಿಸೋಣ.

ಯಾರೂ ಆರಿಸಿಕೊಳ್ಳದ ಮಕ್ಕಳನ್ನು ಆರಿಸಿಕೊಳ್ಳುವ ಎದೆಯನ್ನೂ, ಹೊತ್ತ ಹೊಣೆಯನ್ನು ಕೊನೆಯವರೆಗೆ ನಿಭಾಯಿಸುವ ಸಹನೆಯನ್ನೂ ಅಲ್ಲಾಹನು ನಮಗೆ ದಯಪಾಲಿಸಲಿ. ಆಮೀನ್.