ಹವಾಮಾನ ಕಾಯ್ದೆ ಬಂದರೆ ಮೈಂದರ್ಗಿಗೆ ಏನು ಬೇಕು?

ಹವಾಮಾನ ಬದಲಾವಣೆಗೆಂದೇ ಒಂದು ಸಮಗ್ರ ಕಾಯ್ದೆ ನಮ್ಮ ದೇಶದಲ್ಲಿಲ್ಲ. ಅದರ ದುಷ್ಪರಿಣಾಮಗಳಿಂದ ರಕ್ಷಣೆ ಪಡೆಯುವುದು ಸಂವಿಧಾನದ 14 ಮತ್ತು 21ನೇ ವಿಧಿಗಳಡಿ ನಾಗರಿಕರ ಹಕ್ಕೆಂದು 2024ರ ಮಾರ್ಚ್ 21ರ ತೀರ್ಪಿನಲ್ಲಿ ಸಾರಿದ ಸುಪ್ರೀಂ ಕೋರ್ಟು ಈ ಕೊರತೆಯನ್ನೂ ಎತ್ತಿ ಹೇಳಿತು. (ಪ್ರಕರಣ ಎರೆಬೂತ ಹಕ್ಕಿಯದು, ಅದಕ್ಕೆಂದೇ ನಮ್ಮ ಜಿಲ್ಲೆಯ ನಾನ್ನಜದಲ್ಲಿ ಅಭಯಾರಣ್ಯವಿದೆ.) ಸದ್ಯ ಇರುವುದು 2008ರ ರಾಷ್ಟ್ರೀಯ ಕ್ರಿಯಾಯೋಜನೆ, ಅದರ 8 ಅಭಿಯಾನಗಳು ಮತ್ತು ಆಯಾ ರಾಜ್ಯದ ಯೋಜನೆಗಳು. ಯೋಜನೆ ಪಾಲಿಸದವರನ್ನು ಕೇಳುವವರಿಲ್ಲ.

ಇದರ ಫಲವನ್ನು ಗಡಿಯ ನಾವು ಬಲ್ಲೆವು. ಅಕ್ಕಲಕೋಟ ತಾಲೂಕಿನ ದಕ್ಷಿಣದಂಚಿನಲ್ಲಿ ಭೀಮಾ ನದಿಯೇ ರಾಜ್ಯದ ಗಡಿ. 2020ರ ಅಕ್ಟೋಬರಿನಲ್ಲಿ ಅತಿಮಳೆಯೂ ಉಜನಿಯಿಂದ ಬಿಟ್ಟ ನೀರೂ ಸೇರಿ ಸೊಲ್ಲಾಪುರ, ವಿಜಯಪುರ, ಕಲಬುರಗಿ ಜಿಲ್ಲೆಗಳ ಹೊಲಗಳಿಗೆ ನುಗ್ಗಿದವು. ನದಿ ಒಂದೇ ಆದರೂ ಎರಡು ದಡಗಳಿಗೆ ಎರಡು ಸರಕಾರಗಳ ಬೇರೆ ಬೇರೆ ಯೋಜನೆಗಳು.

ಸಮನ್ವಯಕ್ಕೆ ಕಾಯ್ದೆಯೊಂದನ್ನು ಬರೆದರೆ ಸಾಕೆ? 1956ರ ನದಿ ಮಂಡಳಿಗಳ ಕಾಯ್ದೆಯನ್ನು ನೋಡಿ. ರಾಜ್ಯ ಕೇಳಿಕೊಂಡರೆ ಇಲ್ಲವೇ ಕೇಂದ್ರವೇ ಬಯಸಿದರೆ ಮಂಡಳಿ. ಮಂಡಳಿಯ ಕೆಲಸ ಸಲಹೆ ನೀಡುವುದು. ಅದರಡಿ ಒಂದು ಮಂಡಳಿಯೂ ರಚನೆಯಾಗಲಿಲ್ಲ. ಹೊಸ ಕಾಯ್ದೆ ನೆರೆರಾಜ್ಯಗಳನ್ನು ಒಂದೇ ಮೇಜಿನ ಮುಂದೆ ಕೂರಿಸುವ ಅಧಿಕಾರವುಳ್ಳದ್ದಾಗಿರಬೇಕು, ಅದಕ್ಕೆ ಹಣವನ್ನೂ ಒದಗಿಸಬೇಕು.

ದಿಲ್ಲಿಯ ಚರ್ಚೆಗಳಲ್ಲಿ ಕೇಳಿಬರದ ವಿಷಯ ಇನ್ನೊಂದಿದೆ: ಭಾಷೆ. ನೆರೆ, ಬಿಸಿಗಾಳಿ, ಸಿಡಿಲಿನ ಮುನ್ಸೂಚನೆ ಮರಾಠಿಯಲ್ಲಷ್ಟೇ ಬಂದರೆ ಮೈಂದರ್ಗಿಯಲ್ಲಿ ಯಾರಿಗೆ ತಲುಪೀತು? ನಮ್ಮ ಕನ್ನಡ ಶಾಲೆಯ ಮಕ್ಕಳು ಮರಾಠಿಯನ್ನೂ ಕಲಿಯುತ್ತಾರೆ, ನಿಜ. ಹೊಲದಲ್ಲಿರುವ ಅಜ್ಜಿ ಕಲಿತಿಲ್ಲ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಲಭ್ಯ ಒದಗಿಸಬೇಕೆಂದು ಸಂವಿಧಾನದ 350-ಎ ವಿಧಿ ಹೇಳುತ್ತದೆ. ಜೀವ ಉಳಿಸುವ ಸೂಚನೆಗೂ ಅಂಥದೇ ಒಂದು ಕಲಮು ಬೇಕೆಂದು ಪಾಲಕರು ತಮ್ಮ ಸಂಸದರಿಗೆ ಬರೆಯಬೇಕು, ಕನ್ನಡದಲ್ಲಿಯೇ.