ಖಂಡಸ್ಫುಟಿತಕ್ಕೆಂದು ಕೊಟ್ಟ ಹಣ ಎಲ್ಲಿ?

ಕನ್ನಡ ನಾಡಿನ ದಾನಶಾಸನಗಳಲ್ಲಿ ಮತ್ತೆ ಮತ್ತೆ ಬರುವ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತಿಗೆ ಮುರಿದದ್ದನ್ನು ಜೋಡಿಸಿ, ಬಿರುಕು ಬಿಟ್ಟದ್ದನ್ನು ಮುಚ್ಚಿ, ಇದ್ದ ಗುಡಿಯನ್ನೇ ಗಟ್ಟಿಮಾಡಿ ನಿಲ್ಲಿಸುವುದೆಂದು ಅರ್ಥ. ಭೂಮಿಯನ್ನೋ ಸುಂಕದ ಪಾಲನ್ನೋ ಬಿಟ್ಟುಕೊಡುತ್ತಿದ್ದ ದಾನಿಗಳು ದೇವರ ಪೂಜೆ ಮತ್ತು ಋಷಿಗಳ ಆಹಾರದಾನದ ಜೊತೆಗೆ ದುರಸ್ತಿಯ ವೆಚ್ಚವನ್ನೂ ಹೆಸರಿಟ್ಟು ಕಲ್ಲಿನಲ್ಲಿ ಬರೆಸುತ್ತಿದ್ದರು. ಇಂದು ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯ ಊರುಗಳಲ್ಲಿ ಜೀರ್ಣೋದ್ಧಾರ ಕಮಿಟಿ ರಚನೆಯಾಯಿತೆಂದರೆ, ಹಳೆಯ ಗುಡಿಗೆ ಇನ್ನು ಹೆಚ್ಚು ದಿನ ಆಯುಷ್ಯವಿಲ್ಲವೆಂದೇ ಬಹುಮಟ್ಟಿಗೆ ತಿಳಿಯಬೇಕಾಗಿದೆ. ಪದ ಅದೇ, ದಾನ ಅದೇ, ಕೆಲಸ ಮಾತ್ರ ತಿರುವುಮುರುವಾಗಿದೆ.

ಈ ಸೀಮೆ ರಟ್ಟರು ಆಳಿದ ಕೂಂಡಿ ಮೂರುಸಾವಿರ ನಾಡಿನ ಭಾಗವಾಗಿತ್ತು. ವೇಣುಗ್ರಾಮ, ಅಂದರೆ ಇಂದಿನ ಬೆಳಗಾವಿಯಲ್ಲಿ ನಾಲ್ವಡಿ ಕಾರ್ತವೀರ್ಯನ ಕಾಲಕ್ಕೆ ಬೀಚಣನೆಂಬ ಅಧಿಕಾರಿ ರಟ್ಟಜಿನಾಲಯವನ್ನು ಕಟ್ಟಿಸಿದಾಗ, ಅದಕ್ಕೆ ಅರಸನು ಕೊಟ್ಟ ದಾನವನ್ನೂ ವರ್ತಕರು ತಮ್ಮ ಸರಕಿನ ಮೇಲೆ ಬಿಟ್ಟುಕೊಟ್ಟ ಪಾಲನ್ನೂ ದಾಖಲಿಸಿದ 1204ರ ಎರಡು ಶಾಸನಗಳು ಹುಟ್ಟಿದವು. ದಾನಿಗಳಲ್ಲಿ ಊರಿನ ವ್ಯಾಪಾರಿಗಳಷ್ಟೇ ಅಲ್ಲದೆ ಲಾಳದ, ಅಂದರೆ ಗುಜರಾತಿನ ಕಡೆಯ, ಮತ್ತು ಮಲೆಯಾಳದ ವರ್ತಕರೂ ಇದ್ದರೆಂಬುದು ಗಮನಾರ್ಹ. ಆ ಎರಡೂ ಕಲ್ಲುಗಳು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಅವುಗಳ ಪಾಠವನ್ನು ‘ಎಪಿಗ್ರಾಫಿಯಾ ಇಂಡಿಕಾ’ದ 13ನೆಯ ಸಂಪುಟದಲ್ಲಿ ಪ್ರಕಟಿಸಿದವರೂ ಅಲ್ಲಿನ ವಿದ್ವಾಂಸರಾದ ಲಯೋನೆಲ್ ಬಾರ್ನೆಟ್ಟರೇ. ಆ ಜಿನಾಲಯವೆಂದು ಸಾಮಾನ್ಯವಾಗಿ ಗುರುತಿಸಲಾಗುವ ಬೆಳಗಾವಿ ಕೋಟೆಯ ಕಮಲಬಸದಿಯಾದರೋ ಇದ್ದ ಜಾಗದಲ್ಲೇ ಉಳಿದಿದೆ, ಕೇಂದ್ರ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿದೆ, ಒಳಗೆ ನೇಮಿನಾಥನಿಗೆ ಪೂಜೆಯೂ ನಡೆಯುತ್ತಿದೆ. ರಕ್ಷಣೆಗೆ ಒಳಪಟ್ಟರೆ ದೇವರಿಗೆ ಬೀಗ ಬೀಳುತ್ತದೆಂದು ಹೆದರಿಸುವವರು ಒಮ್ಮೆ ಆ ಕೋಟೆಯೊಳಗೆ ಹೋಗಿ ಬರುವುದು ಒಳ್ಳೆಯದು.

ಹಳೆಯ ಗುಡಿಯ ಮೂರ್ತಿಗಳು ಊರಿನಲ್ಲೇ ಇರಬೇಕೋ ವಸ್ತುಸಂಗ್ರಹಾಲಯಕ್ಕೆ ಹೋಗಬೇಕೋ ಎಂಬ ವಿವಾದವೂ ಇದರ ಜೊತೆಗೇ ಹುಟ್ಟುತ್ತದೆ. ಅದರ ಒಂದು ತುದಿಯಲ್ಲಿ ಭಕ್ತರ ವಾದವಿದೆ: ಪ್ರಾಣಪ್ರತಿಷ್ಠೆಯಾದ ಮೂರ್ತಿ ನೋಟದ ವಸ್ತುವಲ್ಲ, ಅದನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡುವುದು ಅಪಚಾರ. ಪೂಜೆಯಲ್ಲಿರುವ ಮೂರ್ತಿಯ ಮಟ್ಟಿಗೆ ಈ ಮಾತನ್ನು ಪೂರ್ತಿಯಾಗಿ ಒಪ್ಪಬೇಕು. ಆದರೆ ಕೈಯೋ ಮೂಗೋ ಒಡೆದು ‘ಭಿನ್ನ’ವೆನಿಸಿದ, ಆದ್ದರಿಂದ ಪೂಜೆಗೆ ಸಲ್ಲದೆಂದು ಅದೇ ಭಕ್ತರು ಹೊರಗಿಟ್ಟ ಮೂರ್ತಿಯ ವಿಷಯದಲ್ಲಿ ಈ ವಾದ ನಿಲ್ಲುವುದಿಲ್ಲ. ಅಂಥ ಮೂರ್ತಿಯನ್ನು ಹೊಳೆಗೆ ಬಿಡುವುದು ಶಾಸ್ತ್ರಸಮ್ಮತವೆನ್ನಲಾಗುತ್ತದೆ. ಎಂಟುನೂರು ವರ್ಷದ ಕಲ್ಲನ್ನು ಕೃಷ್ಣೆಗೋ ದೂಧಗಂಗೆಗೋ ಬಿಟ್ಟು, ಅದರ ಪೀಠದ ಮೇಲಿನ ಬರಹವನ್ನೂ ದಾನಿಯ ಹೆಸರನ್ನೂ ಜೊತೆಗೇ ಮುಳುಗಿಸುವುದಕ್ಕಿಂತ, ಪೂಜೆಯಿಂದ ಬಿಡುಗಡೆ ಹೊಂದಿದ ಆ ಮೂರ್ತಿಯನ್ನು ಗೌರವದಿಂದ ಒಂದು ಸೂರಿನ ಕೆಳಗೆ ನಿಲ್ಲಿಸುವುದು ಯಾವ ಧರ್ಮಕ್ಕೆ ವಿರುದ್ಧವಾದೀತು? ವೀರಗಲ್ಲು, ಮಾಸ್ತಿಗಲ್ಲು, ಸಲ್ಲೇಖನದಿಂದ ದೇಹ ಬಿಟ್ಟವರ ನೆನಪಿಗೆ ನಿಲ್ಲಿಸಿದ ನಿಸಿದಿಗಲ್ಲು ಇವಕ್ಕಂತೂ ನಿತ್ಯಪೂಜೆಯ ಪ್ರಶ್ನೆಯೇ ಇಲ್ಲ.

ಇನ್ನೊಂದು ತುದಿಯಲ್ಲಿರುವ ಇಲಾಖೆಯ ದೃಷ್ಟಿಯೂ ನಿರ್ದೋಷವಲ್ಲ. ನೂರು ವರ್ಷ ಮೀರಿದ ಶಿಲ್ಪವನ್ನು 1972ರ ಪುರಾವಸ್ತು ಕಾಯ್ದೆ ಪುರಾವಸ್ತುವೆಂದೇ ಪರಿಗಣಿಸುತ್ತದೆ. ಅದು ಯಾರ ವಶದಲ್ಲಿದೆಯೋ ಅವರು ಫೋಟೊ ಸಹಿತ ನೋಂದಾಯಿಸಬೇಕು. ಪಾಯ ತೋಡುವಾಗ ನೆಲದಲ್ಲಿ ಮೂರ್ತಿ ಸಿಕ್ಕರೆ ಸರ್ಕಾರಕ್ಕೆ ತಿಳಿಸಬೇಕು. ಆದರೆ ತಿಳಿಸಿದರೆ ಅದು ಬೆಂಗಳೂರಿಗೆ ಹೋಗುತ್ತದೆ, ಮತ್ತೆ ಊರಿನ ಮುಖ ನೋಡುವುದಿಲ್ಲ ಎಂಬ ಭಯ ಹಳ್ಳಿಗಳಲ್ಲಿದೆ. ಬಯಲಲ್ಲಿ ಬಿಸಿಲು ಮಳೆಗೆ ಬಿದ್ದಿರುವ ಶಿಲ್ಪಗಳನ್ನೂ ಯಾವ ಊರಿನದೆಂಬ ಚೀಟಿಯೂ ಇಲ್ಲದ ಮೂರ್ತಿಗಳನ್ನೂ ವಸ್ತುಸಂಗ್ರಹಾಲಯಗಳ ಅಂಗಳದಲ್ಲಿ ಕಂಡವರು ಆ ಭಯವನ್ನು ಮೌಢ್ಯವೆಂದು ತಳ್ಳಿಹಾಕಲಾರರು. ಊರಿನ ಹೆಸರು ಕಳೆದುಕೊಂಡ ಮೂರ್ತಿ ಅರ್ಧ ನಾಶವಾದಂತೆಯೇ.

ಈ ಜಗಳದಲ್ಲಿ ಹಣದ ಮಾತು ಮರೆಯಾಗುತ್ತದೆ. ಗುಡಿಗೆ ಪಟ್ಟಿ ಎತ್ತಿದರೆ, ಅಂದರೆ ಮನೆಮನೆಯಿಂದ ವಂತಿಗೆ ಕೂಡಿಸಿದರೆ, ಈ ಸೀಮೆಯಲ್ಲಿ ಕೊಡುವವರಿಗೆ ಕೊರತೆಯಿಲ್ಲ. ತಂಬಾಕು ಮತ್ತು ಕಬ್ಬಿನ ದುಡ್ಡು ಧರ್ಮಕಾರ್ಯಕ್ಕೆ ಎಂದೂ ಹಿಂಜರಿದದ್ದಿಲ್ಲ. ಪಂಚಕಲ್ಯಾಣದಲ್ಲಿ ಅಭಿಷೇಕದ ಕಳಶಕ್ಕೆ ಸವಾಲು ಕೂಗಿ ದೊಡ್ಡ ಮೊತ್ತವನ್ನು ಒಪ್ಪಿಸುವ ದಾನಿಗಳಿಗೆ ಬಿರುಕು ಬಿಟ್ಟ ಕಂಬದ ದುರಸ್ತಿಯನ್ನು ಸವಾಲಿಗೆ ಇಟ್ಟವರು ಯಾರೂ ಇಲ್ಲವಷ್ಟೆ. ಹಣವೆಲ್ಲ ಗ್ರಾನೈಟ್ ಹಾಸಿಗೆ, ಎಣ್ಣೆಬಣ್ಣಕ್ಕೆ, ಸಿಮೆಂಟಿನ ಗಿಲಾವಿಗೆ ಹೋಗುತ್ತದೆ. ಗಚ್ಚು, ಅಂದರೆ ಸುಣ್ಣದ ಗಾರೆ, ಕಲ್ಲಿನ ತೇವವನ್ನು ಹೊರಬಿಡುತ್ತದೆ. ಸಿಮೆಂಟು ಅದನ್ನು ಒಳಗೇ ಕಟ್ಟಿಹಾಕುವುದರಿಂದ ತೇವದೊಡನೆ ಬಂದ ಉಪ್ಪು ಕಲ್ಲಿನ ಮೈಯನ್ನು ಹಕ್ಕಳೆಹಕ್ಕಳೆಯಾಗಿ ಎಬ್ಬಿಸುತ್ತದೆ. ಅಥಣಿಯ ಗಚ್ಚಿನಮಠದ ಹೆಸರಿನಲ್ಲೇ ಉಳಿದಿರುವ ಈ ವಿದ್ಯೆಯನ್ನು ಅದರ ಸುತ್ತಲಿನ ಊರುಗಳೇ ಮರೆತಿರುವುದು ಸೋಜಿಗ.

ಮುರಿದದ್ದು ಮುರಿದಂತೆಯೇ ಇದ್ದೂ ಪೂಜ್ಯವಾಗಿರಬಹುದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಕಾಗವಾಡ ತಾಲ್ಲೂಕಿನ ಜುಗೂಳದ ಎದುರು ದಂಡೆಯಲ್ಲಿರುವ ಖಿದ್ರಾಪುರದ ಕೋಪೇಶ್ವರ ಗುಡಿಯಲ್ಲಿ ಅಧಿಷ್ಠಾನದ ಆನೆಗಳ ಸೊಂಡಿಲು, ಮುಖಗಳು ಬಹುಪಾಲು ಒಡೆದಿವೆ. ಅವಕ್ಕೆ ಸಿಮೆಂಟಿನ ಸೊಂಡಿಲು ಅಂಟಿಸುವ ಉತ್ಸಾಹ ಯಾರಿಗೂ ಬಾರದಿದ್ದುದರಿಂದಲೇ ಶಿಲ್ಪಿಯ ಉಳಿಯ ಗುರುತು ಇಂದಿಗೂ ಕಾಣುತ್ತದೆ, ಭಕ್ತರು ಬರುವುದೂ ನಿಂತಿಲ್ಲ.

ದಾನದಿಂದ ರಕ್ಷಣೆ ಹೇಗೆಂಬುದಕ್ಕೆ ಮಾದರಿಯೂ ಈ ಮಣ್ಣಿನಲ್ಲೇ ಇದೆ. ವೇದಗಂಗಾ ದೂಧಗಂಗಾ ಕೂಡುವಲ್ಲಿನ ಭೋಜ ಗ್ರಾಮದವರಾದ ಆಚಾರ್ಯ ಶಾಂತಿಸಾಗರರು (1872–1955), ಮೂಡುಬಿದಿರೆಯಲ್ಲಿ ಹಳಗನ್ನಡ ಲಿಪಿಯ ತಾಳೆಗರಿಗಳಲ್ಲಿ ಉಳಿದಿದ್ದ ಧವಲಾದಿ ಸಿದ್ಧಾಂತ ಗ್ರಂಥಗಳು ಗೆದ್ದಲಿಗೆ ತುತ್ತಾಗಬಾರದೆಂದು ಅವುಗಳನ್ನು ತಾಮ್ರಪಟಗಳಲ್ಲಿ ಕೊರೆಸಲು ಪ್ರೇರಣೆ ನೀಡಿದರು. ಶ್ರಾವಕರ ದಾನದಿಂದ ಆ ಕೆಲಸ ನಡೆಸಿದ ಫಲ್ಟಣದ ಸಂಸ್ಥೆಯ ಹೆಸರು ಜಿನವಾಣಿ ಜೀರ್ಣೋದ್ಧಾರಕ ಸಂಸ್ಥೆ. ಅಲ್ಲಿ ಜೀರ್ಣೋದ್ಧಾರವೆಂದರೆ ಮೂಲವನ್ನು ಕಾಯ್ದುಕೊಂಡು ಪ್ರತಿಯನ್ನು ಹೆಚ್ಚಿಸುವುದಾಗಿತ್ತು. ಧರ್ಮಸ್ಥಳದ ಧರ್ಮೋತ್ಥಾನ ಟ್ರಸ್ಟ್ ಕೂಡ ಸರ್ಕಾರದಿಂದ ಶೇ. 40, ಟ್ರಸ್ಟಿನಿಂದ ಶೇ. 40, ಊರಿನವರಿಂದ ಶೇ. 20 ಎಂಬ ಲೆಕ್ಕದಲ್ಲಿ 200ಕ್ಕೂ ಹೆಚ್ಚು ಹಳೆಯ ಗುಡಿ ಬಸದಿಗಳನ್ನು ಅವುಗಳ ಮೂಲರೂಪದಲ್ಲೇ ನಿಲ್ಲಿಸಿದೆ. ಊರಿನ ಪಾಲು ಐದರಲ್ಲಿ ಒಂದು ಮಾತ್ರ. ಒಂದು ಹೊಸ ಮಹಾದ್ವಾರಕ್ಕೆ ಕೂಡುವ ವಂತಿಗೆಯ ಮುಂದೆ ಅದು ಭಾರವಾಗಲಾರದು.

ಆದ್ದರಿಂದ ಬೇಕಾಗಿರುವುದು ಬೆಂಗಳೂರಿನಲ್ಲಿ ಇನ್ನೊಂದು ವಸ್ತುಸಂಗ್ರಹಾಲಯವಲ್ಲ. 2019ರ ಆಗಸ್ಟ್ ತಿಂಗಳ ನೆರೆಯಲ್ಲಿ ಹೊಳೆಸಾಲಿನ ಊರುಗಳು ಮುಳುಗಿದ್ದನ್ನು ನೆನೆದು, ನೀರು ಏರದ ಎತ್ತರದ ಜಾಗದಲ್ಲಿ, ನಿಪ್ಪಾಣಿಯಲ್ಲೋ ಚಿಕ್ಕೋಡಿಯಲ್ಲೋ ಒಂದು ಮೂರ್ತಿಶಾಲೆ ಆಗಬೇಕು. ಪ್ರತಿ ಕಲ್ಲಿನ ಮುಂದೆ ಅದರ ಊರಿನ ಹೆಸರಿರಬೇಕು. ಒಡೆತನ ಆ ಊರಿನದೇ ಎಂದು ಕಾಗದದಲ್ಲಿ ಬರೆದುಕೊಡಬೇಕು. ಇಲಾಖೆ ಇಷ್ಟು ಮಾಡಿದ ಮೇಲೂ ಭಿನ್ನಮೂರ್ತಿಯನ್ನು ಹೊಳೆಗೆ ಬಿಡುವವರಿದ್ದರೆ ಅದನ್ನು ಭಕ್ತಿಯೆಂದು ಕರೆಯಲಾಗದು. ಮುಂದಿನ ಪಟ್ಟಿ ಎತ್ತುವ ಮುನ್ನ ಕಮಿಟಿಯ ಪಂಚರು ವಂತಿಗೆ ಪುಸ್ತಕದ ಮೊದಲ ಪುಟದಲ್ಲಿ ‘ಖಂಡಸ್ಫುಟಿತ’ ಎಂಬ ಬಾಬತ್ತನ್ನು ತೆರೆಯಲಿ, ಮತ್ತು ಮೊದಲ ಸವಾಲು ಅದಕ್ಕೇ ಕೂಗಲಿ.