ತಾಳಮದ್ದಳೆಯಲ್ಲಿ ಮಕ್ಕಳಿಗೊಂದು ಗಂಟೆ ಕೊಡಿ

ಡೊಂಬಿವಲಿಯಲ್ಲಿರುವ ನನ್ನ ತಂಗಿಯ ಮಗ ಭಾನುವಾರ ಐರೋಲಿಗೆ ಹೋಗಿ ಗೆಳೆಯರ ಜೊತೆ ‘ಶ್ಯಾಡೋರನ್’ ಆಡುತ್ತಾನೆ. ಅಮೆರಿಕದ ಫಾಸಾ ಕಂಪನಿ 1989ರಲ್ಲಿ ತಂದ ಈ ಆಟದಲ್ಲಿ ದಾಳ, ಮಾತು ಎರಡೇ ಮುಖ್ಯ. ಅಲ್ಲಿ ಕಂಪನಿಗಳು ಸರಕಾರಗಳನ್ನೇ ಮೀರಿ ಬೆಳೆದಿವೆ, ಲೋಕಕ್ಕೆ ಮಂತ್ರಶಕ್ತಿ ಮರಳಿದೆ. ಡನ್‌ಕೆಲ್‌ಜಾನ್ ಎಂಬ ಡ್ರ್ಯಾಗನ್ 2057ರಲ್ಲಿ ಅಲ್ಲಿನ ಒಂದು ದೇಶದ ಅಧ್ಯಕ್ಷನಾಗಿ, ಅಧಿಕಾರ ವಹಿಸಿಕೊಂಡ ರಾತ್ರಿಯೇ ಸ್ಫೋಟದಲ್ಲಿ ಸಾಯುತ್ತದೆ.

ಅಷ್ಟು ದೊಡ್ಡ ಡ್ರ್ಯಾಗನ್ ಒಂದು ಬಾಂಬಿಗೆ ಸಾಯುತ್ತದೆಯೇ? ಹುಡುಗರು ಇದನ್ನು ಹಿಡಿದು ಗಂಟೆಗಟ್ಟಲೆ ವಾದಿಸುತ್ತಾರೆ. ಮೈಗೆ ಯಂತ್ರ ಕೂಡಿಸಿಕೊಂಡಷ್ಟೂ ಜೀವಸತ್ವ ಇಳಿಯುತ್ತದೆ, ಅದರೊಂದಿಗೆ ಮಂತ್ರಶಕ್ತಿಯೂ ಇಳಿಯುತ್ತದೆ ಎಂಬುದು ಆಟದ ನಿಯಮ. “ಅಜ್ಜಿಗೆ ಮಂಡಿಚಿಪ್ಪು ಬದಲಿಸಿದ್ದಾರಲ್ಲ ಮಾವ, ಅವರಿಗೂ ಇಳಿಯಬೇಕಲ್ವಾ?” ಎಂದು ತಂಗಿಯ ಮಗ ಕೇಳಿದ. ಯಂತ್ರವೆಂದರೆ ಯಾವುದು, ಮೈಯೆಂದರೆ ಎಲ್ಲಿಯವರೆಗೆ ಎಂದು ಹದಿನಾರರ ಹುಡುಗ ಕೇಳಿದರೆ ನಾನಂತೂ ಹೆಮ್ಮೆಪಡುತ್ತೇನೆ.

ಇಲ್ಲದ ಲೋಕದ ಉಸಾಬರಿ ಯಾಕೆ ಎನ್ನುವ ಹಿರಿಯರು ನಮ್ಮಲ್ಲಿ ಬಹಳ. ಮಳೆಗಾಲದಲ್ಲಿ ಊರಿನಿಂದ ತಾಳಮದ್ದಳೆಯ ಅರ್ಥಧಾರಿಗಳು ಬಂದಾಗ ಠಾಣೆ, ಕಲ್ಯಾಣ, ವಾಶಿಯಿಂದ ಲೋಕಲ್ ಹಿಡಿದು ಬರುವವರೂ ಅವರೇ. ‘ಶರಸೇತು ಬಂಧನ’ ಪ್ರಸಂಗದ ಬುಡದಲ್ಲಿರುವುದೂ ಇಂಥದೇ ಪ್ರಶ್ನೆ. ರಾಮ ಅಂಥ ಬಿಲ್ಲುಗಾರನಾದರೆ ಬಾಣಗಳಿಂದಲೇ ಸೇತುವೆ ಕಟ್ಟಬಹುದಿತ್ತಲ್ಲ, ಕಪಿಗಳಿಂದ ಕಲ್ಲು ಹೊರಿಸಿದ್ದೇಕೆ? ಅರ್ಜುನ ಅದನ್ನು ಹನುಮಂತನೆದುರು ಕೇಳಿ ಪಂಥ ಕಟ್ಟುತ್ತಾನೆ. ಮರೆಯಲ್ಲಿ ನಿಂತು ಏಕೆ ಹೊಡೆದೆ ಎಂದು ವಾಲಿ ರಾಮನನ್ನು ಕೇಳುವ ಭಾಗಕ್ಕೆ ಶೇಣಿ ಗೋಪಾಲಕೃಷ್ಣ ಭಟ್ಟರು ಹೇಳುತ್ತಿದ್ದ ಅರ್ಥವನ್ನು ಜನ ಇಂದಿಗೂ ನೆನೆಯುತ್ತಾರೆ. ಭಾಗವತರು ಹಾಡುವ ಪದ್ಯ ಮೊದಲೇ ಬರೆದದ್ದು, ಮಾತು ಮಾತ್ರ ಅಲ್ಲೇ ಹುಟ್ಟಬೇಕು. ಹುಡುಗರ ಆಟದಲ್ಲೂ ಪುಸ್ತಕ ಅಚ್ಚಾಗಿದೆ, ಉಳಿದದ್ದನ್ನು ಕೂತವರೇ ಕಟ್ಟಬೇಕು.

ಒಂದು ವಿಷಯದಲ್ಲಿ ನಮ್ಮದೇ ಮೇಲು ಎನ್ನುತ್ತೇನೆ. ಆಟದ ಅಭಿಮಾನಿಗಳು ಕೊನೆಗೆ ಪ್ರಕಾಶಕರ ಪುಸ್ತಕದಲ್ಲಿ ಏನಿದೆ ಎಂದು ಹುಡುಕುತ್ತಾರೆ. ತಾಳಮದ್ದಳೆಯಲ್ಲಿ ಇಂದಿನ ವಾಲಿ ಸೋಲೊಪ್ಪಬಹುದು, ನಾಳೆಯವನು ರಾಮನನ್ನೇ ಕಟ್ಟಿಹಾಕಬಹುದು. ಎರಡಕ್ಕೂ ಚಪ್ಪಾಳೆ ಬೀಳುತ್ತದೆ. ಈ ಸ್ವಾತಂತ್ರ್ಯದ ರುಚಿ ಐರೋಲಿಯ ಹುಡುಗರಿಗೆ ಸಿಗಬೇಕು.

ಆದರೆ ನಮ್ಮ ಕಾರ್ಯಕ್ರಮಗಳಲ್ಲಿ ಸನ್ಮಾನ, ಶಾಲು, ಹಾರಗಳಿಗೇ ಅರ್ಧ ಹೊತ್ತು ಹೋಗುತ್ತದೆ, ಮಕ್ಕಳು ಹಿಂದಿನ ಸಾಲಿನಲ್ಲಿ ಮೊಬೈಲ್ ನೋಡುತ್ತಾರೆ. ಈ ಭಾಗದ ಕನ್ನಡ ಸಂಘಗಳಲ್ಲಿ ನನ್ನ ಬೇಡಿಕೆ ಇಷ್ಟೇ: ಪ್ರಸಂಗ ಮುಗಿದ ಮೇಲೆ ಒಂದು ಗಂಟೆ ಅರ್ಥಧಾರಿಗಳನ್ನು ಅಲ್ಲೇ ಕೂರಿಸಿ, ಮೈಕು ಮಕ್ಕಳ ಕೈಗೆ ಕೊಡಿ. ಅವರ ಕನ್ನಡದಲ್ಲಿ ಮರಾಠಿ ಬೆರೆತರೆ ತಿದ್ದಲು ಹೋಗಬೇಡಿ. ಅಧ್ಯಕ್ಷರ ಭಾಷಣ ಬೇಕಿದ್ದರೆ ಆಮೇಲೆ ಇಟ್ಟುಕೊಳ್ಳಿ.